ಕರಾಟೆ ಕಿಟ್ ಈಗಲೇ ತಗೊಳ್ಬೇಕಾ?

ಪ್ರಶ್ನೆ: ಮಗನಿಗೆ ಎಂಟು ವರ್ಷ, ಶಾಲೆಯಲ್ಲೇ ಶನಿವಾರ ಕರಾಟೆ ಕ್ಲಾಸ್ ಸುರುವಾಗಿದೆ. ಆನ್‌ಲೈನಲ್ಲಿ ಡ್ರೆಸ್, ಗ್ಲೌಸ್, ಶಿನ್ ಗಾರ್ಡ್, ಹೆಡ್‌ಗಾರ್ಡ್ ಎಲ್ಲ ಸೇರಿ ಒಂದು ಕಿಟ್ ಉಂಟು, ಅವನಿಗೆ ಅದೇ ಬೇಕಂತೆ. ತಗೊಳ್ಳಬಹುದಾ? ಡ್ರೆಸ್ ಎರಡು ಸೈಜ್ ದೊಡ್ಡದು ತಗೊಂಡ್ರೆ ಆಗ್ತದಾ?
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಕಿಟ್ ಈಗ ಬೇಡವೇ ಬೇಡ ಮಾರಾಯ್ರೆ. ಸುರುವಿನ ಕೆಲವು ತಿಂಗಳು ಮಕ್ಕಳಿಗೆ ಹೇಳಿಕೊಡುದು ಸರಿಯಾಗಿ ನಿಲ್ಲುದು, ಪಂಚ್, ಬ್ಲಾಕ್, ಕಿಕ್, ಆಮೇಲೆ ಮೆಲ್ಲ ಒಂದು ಕಟಾ (ಅಂದ್ರೆ ಪಂಚ್, ಬ್ಲಾಕ್ ಎಲ್ಲ ಒಂದು ಕ್ರಮದಲ್ಲಿ ಜೋಡಿಸಿ ಒಬ್ಬನೇ ಮಾಡುದು), ಇದೆಲ್ಲ ಗಾಳಿಯಲ್ಲೇ ಮಾಡುದು, ಎದುರು ಹೊಡಿಲಿಕ್ಕೆ ಯಾರೂ ಇರುದಿಲ್ಲ, ಹಾಗಿರುವಾಗ ಆ ಹೆಡ್‌ಗಾರ್ಡ್ ಹಾಕ್ಕೊಂಡು ಅವನು ಎಂತ ಮಾಡುದು, ತಂಗಿಗೆ ಹೆದರಿಸ್ಲಿಕ್ಕೆ ಆದೀತು ಅಷ್ಟೆ. ಮೊದಲ ಎರಡ್ಮೂರು ವಾರ ಟ್ರ್ಯಾಕ್ ಪ್ಯಾಂಟು ಟೀ ಶರ್ಟಲ್ಲಿ ಕಳಿಸಿ, ಆಸಕ್ತಿ ಉಳಿದ್ರೆ ಡ್ರೆಸ್ ತಗೊಳ್ಳಿ. ವೈಟ್ ಬೆಲ್ಟ್ ಹೆಚ್ಚಾಗಿ ಅದರ ಜೊತೆಗೇ ಬರ್ತದೆ.

ಸೈಜ್ ನೋಡುದು ವಯಸ್ಸಲ್ಲಿ ಅಲ್ಲ, ಎತ್ತರದಲ್ಲಿ. ಸಾಮಾನ್ಯವಾಗಿ 00 ಅಂದ್ರೆ 120 ಸೆಂಟಿಮೀಟರ್, 0 ಅಂದ್ರೆ 130, 1 ಅಂದ್ರೆ 140, ಹೀಗೆ ಹತ್ತು ಹತ್ತು ಏರ್ತಾ ಹೋಗ್ತದೆ. ಹುಡುಗನನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದು ಅಳೆದೇ ಆರ್ಡರ್ ಮಾಡಿ. ಒಂದು ಸೈಜ್ ದೊಡ್ಡದಾದ್ರೆ ತೊಂದರೆ ಇಲ್ಲ, ಹತ್ತಿ ಬಟ್ಟೆ ಒಗೆದ ಮೇಲೆ ಸ್ವಲ್ಪ ಗಿಡ್ಡ ಆಗಿಯೇ ಆಗ್ತದೆ, ಆದ್ರೆ ಎರಡು ಸೈಜ್ ದೊಡ್ಡದು ಬೇಡ, ಪ್ಯಾಂಟ್ ಹಿಮ್ಮಡಿ ಅಡಿಗೆ ಸಿಕ್ಕಿ ಕಿಕ್ ಮಾಡುವಾಗ ಮಗು ಬೀಳ್ತದೆ.

ಬಟ್ಟೆ ವಿಷಯ ನಮ್ಮ ಊರಿನವರು ಸ್ವಲ್ಪ ಯೋಚನೆ ಮಾಡ್ಲೇಬೇಕು. ದಪ್ಪ 12-14 ಔನ್ಸಿನ (ಇಲ್ಲಿ ಔನ್ಸ್ ಅಂದ್ರೆ ಬಟ್ಟೆಯ ತೂಕದ ಲೆಕ್ಕ) ಡ್ರೆಸ್ಸಲ್ಲಿ ಪಂಚ್ ಮಾಡುವಾಗ ಟಪ್ ಅಂತ ಸೌಂಡ್ ಬರ್ತದೆ, ಕಟಾ ಸ್ಪರ್ಧೆಯವರಿಗೆ ಅದು ಇಷ್ಟ. ಮಕ್ಕಳಿಗೆ ಈ ಸೆಕೆಯಲ್ಲಿ ಅದು ಶಿಕ್ಷೆ, ಮತ್ತೆ ಜೂನಲ್ಲಿ ಮಳೆ ಹಿಡಿದ್ರೆ ಒಣಗುದೂ ಇಲ್ಲ. 8 ಔನ್ಸಿನ ಕಾಟನ್ ಪಾಲಿಯೆಸ್ಟರ್ ಮಿಕ್ಸ್ ಸಾಕು. ಕ್ಲಾಸಿಂದ ಬಂದ ಕೂಡ್ಲೆ ಬ್ಯಾಗಿಂದ ತೆಗೆದು ಫ್ಯಾನಿನ ಅಡಿಗೆ ಹರವಿ, ಇಲ್ಲಾಂದ್ರೆ ಕಾಲರಿನ ಮಡಿಕೆಯಲ್ಲಿ ಸುರುವಾಗುವ ಕಪ್ಪು ಬೂಷ್ಟಿನ ಚುಕ್ಕೆ ಮತ್ತೆ ಯಾವ ಸೋಪಿಗೂ ಹೋಗುದಿಲ್ಲ. ಮುಂದೆ ಬಣ್ಣದ ಬೆಲ್ಟ್ ಸಿಕ್ಕಿದಾಗ ಅದನ್ನು ಈ ಬಿಳಿ ಡ್ರೆಸ್ಸಿನ ಜೊತೆ ನೆನೆಸ್ಲೇಬೇಡಿ.

ಗಾರ್ಡುಗಳು ಬೇಕಾಗುದು ಕುಮಿಟೆ, ಅಂದ್ರೆ ಇಬ್ಬರು ಎದುರುಬದುರು ಹೊಡೆದಾಡುದು ಸುರುವಾದ ಮೇಲೆ. ಅದಕ್ಕೂ ಮೊದಲು ಸಾರ್ ಹತ್ರ ಕೇಳಿ, ಯಾಕಂದ್ರೆ ಅವರು ಮಕ್ಕಳನ್ನು ಕಳಿಸುವ ಟೂರ್ನಮೆಂಟಿನ ನಿಯಮ ಬೇರೆ ಇರಬಹುದು. ಡಬ್ಲ್ಯೂಕೆಎಫ್, ಅಂದ್ರೆ ವರ್ಲ್ಡ್ ಕರಾಟೆ ಫೆಡರೇಶನ್ನಿನ ನಿಯಮದಲ್ಲಿ ಗ್ಲೌಸು, ಶಿನ್ ಗಾರ್ಡು ಕೆಂಪು ಅಥವಾ ನೀಲಿ ಇರ್ಬೇಕು, ನೀವು ಚಂದ ಕಾಣ್ತದೆ ಅಂತ ತಗೊಂಡ ಕಪ್ಪು ಗ್ಲೌಸ್ ಅಲ್ಲಿ ನಡೆಯುದಿಲ್ಲ. ದುಡ್ಡು ಹಾಕುದಾದ್ರೆ ಮೌತ್ ಗಾರ್ಡಿಗೆ ಹಾಕಿ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆಯುವ ಬಗೆಯದ್ದು ಸಿಕ್ತದೆ, ಆದ್ರೆ ಈ ವಯಸ್ಸಲ್ಲಿ ಹಲ್ಲು ಬೀಳ್ತಾ ಹುಟ್ತಾ ಇರ್ತದಲ್ಲ, ಹಾಗಾಗಿ ಅದನ್ನು ಆಗಾಗ ಬದಲಿಸ್ಬೇಕಾಗ್ತದೆ. ಹಲ್ಲಿಗೆ ಕ್ಲಿಪ್ ಹಾಕಿದ್ರೆ ಡೆಂಟಿಸ್ಟನ್ನು ಕೇಳದೆ ತಗೊಳ್ಬೇಡಿ. ಹುಡುಗರಿಗೆ ಗ್ರೋಯಿನ್ ಗಾರ್ಡ್ (ತೊಡೆಸಂದಿಗೆ ಪೆಟ್ಟಾಗದ ಹಾಗೆ ಹಾಕುದು) ಕೂಡ ಬೇಕು, ಮನೆಯಲ್ಲಿ ನಾಚಿಕೆಗೆ ಯಾರೂ ಮಾತೆತ್ತುದಿಲ್ಲ, ನೀವೇ ನೆನಪು ಮಾಡಿ ತಗೊಳ್ಳಿ.

ಪ್ರಶ್ನೆ: ಕಿಕ್‌ಬಾಕ್ಸಿಂಗಿಗೆ ಸೇರಿದ್ದೇನೆ, ತೂಕ 65 ಕೆಜಿ. 8 ಔನ್ಸಿನ ಗ್ಲೌಸ್ ನೋಡಿದ್ದೇನೆ, ಕೈಗೆ ಕರೆಕ್ಟ್ ಕೂತಿದೆ. ಸಾಕಾ?
– ಒಬ್ಬ ವಿದ್ಯಾರ್ಥಿ, ಮಣಿಪಾಲ

ಉತ್ತರ: ಸಾಲದು. ಔನ್ಸ್ ಅಂದ್ರೆ ಕೈಯ ಅಳತೆ ಅಲ್ಲ, ಗ್ಲೌಸಿನ ತೂಕ, ಒಂದು ಔನ್ಸ್ ಸುಮಾರು 28 ಗ್ರಾಂ. ತೂಕ ಹೆಚ್ಚಾದಷ್ಟು ಒಳಗಿನ ಫೋಮ್ ಸಾಮಾನ್ಯವಾಗಿ ಹೆಚ್ಚು. ಪಂಚಿಂಗ್ ಬ್ಯಾಗಿಗೆ ಹೊಡಿಲಿಕ್ಕೆ 12, ಇನ್ನೊಬ್ಬರ ಜೊತೆ ಸ್ಪಾರಿಂಗಿಗೆ, ಅಂದ್ರೆ ಅಭ್ಯಾಸದ ಹೊಡೆದಾಟಕ್ಕೆ 16 ಅನ್ನುದು ಹೆಚ್ಚಿನ ಕಡೆ ವಾಡಿಕೆ, ಒಂದೇ ತಗೊಳ್ಳುದಾದ್ರೆ 14 ತಗೊಂಡು ಕೋಚ್ ಒಪ್ತಾರಾ ಕೇಳಿ. ಲೇಸ್ ಬೇಡ, ಕಟ್ಟಲಿಕ್ಕೆ ಇನ್ನೊಬ್ಬರು ಬೇಕು, ವೆಲ್ಕ್ರೊ ಒಳ್ಳೇದು. ಮತ್ತೆ ಗ್ಲೌಸಿಗಿಂತ ಮೊದಲು ಹ್ಯಾಂಡ್ ರ‍್ಯಾಪ್ (ಕೈಗೆ ಸುತ್ತುವ ಬಟ್ಟೆಯ ಪಟ್ಟಿ), 180 ಇಂಚಿನದ್ದು, ಮಣಿಕಟ್ಟಿಗೆ ಮೂರ್ನಾಲ್ಕು ಸುತ್ತು ಗಟ್ಟಿ ಬರ್ಬೇಕು, ಬೆರಳು ಜುಮ್ ಅನ್ನುವಷ್ಟು ಅಲ್ಲ. ಕೈಗೆ ಸೈಜ್ ನೋಡುವಾಗಲೂ ರ‍್ಯಾಪ್ ಸುತ್ತಿಯೇ ನೋಡಿ, ಬರಿಗೈಗೆ ಕರೆಕ್ಟ್ ಇದ್ದದ್ದು ಆಮೇಲೆ ಒಳಗೆ ಹೋಗುದಿಲ್ಲ.

ಪ್ರಶ್ನೆ: ಮಗಳಿಗೆ ಟೇಕ್ವಾಂಡೊ. ಪರಿಚಯದವರು ಹಳೇ ಸಾಮಾನು ಕೊಡ್ತಾರೆ, ತಗೊಳ್ಳುದಾ? ಎಲೆಕ್ಟ್ರಾನಿಕ್ ಚೆಸ್ಟ್ ಗಾರ್ಡ್ ಬೇಕಾ?
– ಒಬ್ಬ ತಂದೆ, ಉಡುಪಿ

ಉತ್ತರ: ಧೈರ್ಯದಲ್ಲಿ ತಗೊಳ್ಳಿ, ಡ್ರೆಸ್ ಟೇಕ್ವಾಂಡೊದ್ದೇ ಹೌದಾ ನೋಡಿ, ಅದು ಹೆಚ್ಚಾಗಿ ವಿ ಕುತ್ತಿಗೆಯದ್ದು, ತಲೆಯಿಂದ ಹಾಕುದು, ಕರಾಟೆಯ ಹಾಗೆ ಮುಂದೆ ತೆರೆಯುದಲ್ಲ. ಶಿನ್ ಗಾರ್ಡಿನ ಫೋಮನ್ನು ಹೆಬ್ಬೆರಳಲ್ಲಿ ಒತ್ತಿ, ವಾಪಸ್ ಉಬ್ಬದಿದ್ರೆ ಬಿಟ್ಟುಬಿಡಿ. ಬಾಯಿಗೆ ಹಾಕುವಂಥದ್ದು ಮಾತ್ರ ಹೊಸತೇ ಆಗ್ಬೇಕು. ಎಲೆಕ್ಟ್ರಾನಿಕ್ ಚೆಸ್ಟ್ ಗಾರ್ಡ್ 2012ರ ಲಂಡನ್ ಒಲಿಂಪಿಕ್ಸಲ್ಲಿ ಪಾಯಿಂಟ್ ಎಣಿಸ್ಲಿಕ್ಕೆ ತಂದದ್ದು, ವೈಟ್ ಬೆಲ್ಟಿನ ಹುಡುಗಿಗೆ ಅದರ ಅಗತ್ಯ ಇಲ್ಲ, ಯಾರಾದ್ರೂ ಮಾರ್ಲಿಕ್ಕೆ ಬಂದ್ರೆ ಬೇಡ ಅಂತ ಹೇಳಿ.