ಉಳಿದ ಸಿಗಡಿ ಪಾಸ್ತಾ: ಲೀಡ್ಸ್‌ಗೆ ಹೊಸದಾಗಿ ಹೋದ ಹುಡುಗಿಗೆ

ವಿಜಯನಗರ ಬಿಟ್ಟು ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಆರು ವಾರ ಆಯಿತು ಅಂತ ಬರೆದಿದ್ದೀಯ. ಜೊತೆಗಿರುವ ಹುಡುಗಿಯೂ ನೀನೂ ಸೇರಿ ಸಿಗಡಿ, ಪಚ್ಚಿಲೆ (ಮಸ್ಸೆಲ್ ಅನ್ನುವ ಚಿಪ್ಪುಮೀನು), ಕ್ರೀಮ್ ಹಾಕಿ ಪಾಸ್ತಾ ಮಾಡಿದ್ದೀರಿ. ಅರ್ಧ ಪಾತ್ರೆ ಉಳಿದಿದೆ. ರಾತ್ರಿ ಒಲೆ ಮೇಲೇ ಮುಚ್ಚಿಟ್ಟು ಮಲಗಿದ್ದೀರಿ. "ಇಲ್ಲಿ ಚಳಿ ಅಲ್ವಾ ಅಕ್ಕಾ, ಚೆನ್ನಾಗಿ ಕುದಿಸಿ ತಿಂದರೆ ಆಗಲ್ವಾ? ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು? ಬಿಸಿ ಮಾಡಿದರೆ ಒಡೆದ ಹಾಲಿನ ಹಾಗೆ ಆಗುತ್ತೆ, ಕೆಟ್ಟಿದೆ ಅಂತಾನಾ?" ಅಂತ ಕೇಳಿದ್ದೀಯ.

ಮೊದಲು ಆ ಪಾತ್ರೆಯ ವಿಷಯ. ಅದನ್ನು ತಿನ್ನಬೇಡ, ಎಸೆದುಬಿಡು. ಸಿಗಡಿಗೆ ಕೊಟ್ಟ ದುಡ್ಡು ನೆನೆದು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಎಸೆ.

ನಾನು ಈಗ ಮೂರು ವಾರದ ರಜೆಗೆ ಬೆಂಗಳೂರಿಗೆ ಬಂದಿದ್ದೇನೆ. ರಾಜಾಜಿನಗರದ ಮನೆಯಲ್ಲಿ ಅಮ್ಮನ ಅಡುಗೆಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಕುಂದಾಪುರದವರು. ಮೀನು ಸಾರು ಮಾರನೇ ದಿನವೇ ರುಚಿ ಅನ್ನುವವರು. ರಾತ್ರಿ ಒಂದು ಸಲ ಕುದಿಸಿಡುತ್ತಾರೆ, ಬೆಳಿಗ್ಗೆ ಇನ್ನೊಂದು ಸಲ. ನಿಮ್ಮ ಮನೆಯಲ್ಲೂ ಹುಳಿಗೆ, ಸಾರಿಗೆ ಇದನ್ನೇ ಮಾಡುತ್ತಾರೆ ಅಲ್ವಾ? ಹಾಗಾಗಿ ನಮ್ಮ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿದೆ: ಕುದಿಸಿದರೆ ಎಲ್ಲ ಸರಿಹೋಗುತ್ತದೆ. ಹುಣಸೆಹುಳಿ, ಉಪ್ಪು, ಖಾರ ಹಾಕಿದ ಸಾರಿನಲ್ಲಿ ಆ ಹುಳಿ ಸ್ವಲ್ಪ ಕಾಪಾಡುತ್ತದೆ. ಕ್ರೀಮ್ ಪಾಸ್ತಾದಲ್ಲಿ ಹುಳಿ ಇಲ್ಲ. ಇರುವುದೆಲ್ಲ ಹಾಲಿನ ಪದಾರ್ಥ, ಸಮುದ್ರದ್ದು, ಬೇಯಿಸಿದ ಹಿಟ್ಟು. ಬೇಗ ಹಳಸುವ ಮೂರೂ ಒಂದೇ ಪಾತ್ರೆಯಲ್ಲಿವೆ.

ಕುದಿಸಿದರೂ ಯಾಕೆ ಆಗುವುದಿಲ್ಲ ಅಂದರೆ, ಅನ್ನ, ಪಾಸ್ತಾಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅವು ಕುದಿಯುವ ನೀರಿನಲ್ಲೂ ಬದುಕಿಕೊಳ್ಳುತ್ತವೆ. ಪಾತ್ರೆ ಉಗುರು ಬೆಚ್ಚಗೆ ಕೂತಿದ್ದಾಗ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಮನೆಯ ಒಲೆಯ ಬಿಸಿಗೆ ಹಾಳಾಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಅಲ್ಲೇ ಉಳಿಯುತ್ತದೆ. ವಾಸನೆ ನೋಡಿದರೂ ಗೊತ್ತಾಗುವುದಿಲ್ಲ. 2008ರಲ್ಲಿ ಬೆಲ್ಜಿಯಂನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗೇ ಇಟ್ಟಿದ್ದ ಸ್ಪಗೆಟಿಯನ್ನು ಬಿಸಿ ಮಾಡಿ ತಿಂದು ತೀರಿಹೋದ. ಅಂಥದ್ದು ತೀರ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಬಿಸಿ ಮಾಡಿದ್ದು ಅವನನ್ನು ಕಾಪಾಡಲಿಲ್ಲ, ಅದನ್ನು ನೀನು ಮರೆಯಬಾರದು.

ಚಳಿಯ ಮಾತು. ಹೊರಗೆ ಚಳಿ ಇರಬಹುದು, ನಿನ್ನ ಅಡುಗೆಮನೆಯಲ್ಲಿ ಹೀಟರ್ ಇದೆ. ಒಳಗೆ 19-20 ಡಿಗ್ರಿ ಅಂದರೆ ನಮ್ಮ ಡಿಸೆಂಬರ್ ಸಂಜೆಯಷ್ಟು. ನಾನೂ ಹೊರದೇಶಕ್ಕೆ ಹೋದ ಮೊದಲ ವರ್ಷ ಇದನ್ನೇ ನಂಬಿದ್ದೆ. ಜನವರಿಯಲ್ಲಿ ಸಿಗಡಿ ಪಾಸ್ತಾವನ್ನು ಇಡೀ ರಾತ್ರಿ ಒಲೆ ಮೇಲೆ ಬಿಟ್ಟು, ಬೆಳಿಗ್ಗೆ ಕೊತಕೊತ ಕುದಿಸಿ ಡಬ್ಬಿಗೆ ಹಾಕಿಕೊಂಡು ಹೋದೆ. ಮಧ್ಯಾಹ್ನ ಊಟ ಮಾಡಿದೆ, ಸಂಜೆಯೊಳಗೆ ವಾಂತಿ ಶುರುವಾಯಿತು. ಆ ರಾತ್ರಿ ಒಂದು ಲೋಟ ನೀರು ಕೊಡುವವರೂ ಇರಲಿಲ್ಲ. ನಿನಗೆ ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಹಾಗಾದರೆ ಏನು ಮಾಡಬೇಕು? ಒಲೆಯಿಂದ ಇಳಿಸಿದ ಹೊತ್ತನ್ನು ನೆನಪಿಡು. ಒಂದು, ಹೆಚ್ಚೆಂದರೆ ಎರಡು ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇರುವಾಗ ನಾನು ಒಂದು ಗಂಟೆ ದಾಟಲು ಬಿಡುವುದಿಲ್ಲ. ಬಿಸಿ ಪಾತ್ರೆ ಒಳಗಿಟ್ಟರೆ ಫ್ರಿಜ್ ಕೆಡುತ್ತದೆ ಅಂತ ಅಮ್ಮ ಈಗಲೂ ಬೈಯುತ್ತಾರೆ. ಅದಕ್ಕೆ ದಾರಿ ಇದೆ. ಆಳದ ಪಾತ್ರೆಯಲ್ಲೇ ಬಿಡಬೇಡ, ನಡುವಿನ ಬಿಸಿ ಆರುವುದೇ ಇಲ್ಲ. ಎರಡು ಮೂರು ಅಗಲವಾದ ಡಬ್ಬಿಗೆ ತೆಳ್ಳಗೆ ಹರಡು. ಡಬ್ಬಿಗಳನ್ನು ಸಿಂಕ್‌ನಲ್ಲಿ ತಣ್ಣೀರಿಗೆ ಇಡು. ಹಬೆ ನಿಂತ ಮೇಲೆ ಮುಚ್ಚಿ ಒಳಗೆ ತಳ್ಳು.

ಆ ಫ್ರಿಜ್ಜನ್ನೂ ಸುಮ್ನೆ ನಂಬಬೇಡ. ಬಾಡಿಗೆ ಮನೆಯ ಫ್ರಿಜ್ ಹಳೆಯದಿರುತ್ತದೆ, ನಾಲ್ಕು ಜನ ನಾಲ್ಕು ಸಲ ಬಾಗಿಲು ತೆಗೆಯುತ್ತಾರೆ. ಗುಂಡಿಯ ಮೇಲಿನ 1, 2, 3 ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು. ಒಂದು ಸಣ್ಣ ಫ್ರಿಜ್ ಥರ್ಮಾಮೀಟರ್ ಕೊಂಡುಕೋ, 5 ಡಿಗ್ರಿಗಿಂತ ಕೆಳಗಿರಬೇಕು. ಡಬ್ಬಿಯನ್ನು ಬಾಗಿಲಲ್ಲಿ ಇಡಬೇಡ, ಒಳಗಡೆ ಹಿಂದಕ್ಕೆ ಇಡು. ಹಸಿ ಮೀನು, ಮಾಂಸ ಇದ್ದರೆ ಅವು ಕೆಳಗಿನ ಅರೆಯಲ್ಲೇ ಇರಲಿ.

ಎಷ್ಟು ದಿನ ಅಂದರೆ, ಎರಡು. ಬ್ರಿಟನ್ನಿನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹೇಳುವುದು 48 ಗಂಟೆ. ಅಮೆರಿಕದಲ್ಲಿರುವ ನಿನ್ನ ಕಸಿನ್ 3-4 ದಿನ ಅಂದಿದ್ದೂ ಅಲ್ಲಿನ ಸರ್ಕಾರದ ಸಲಹೆಯೇ, ಸುಳ್ಳಲ್ಲ. ಆದರೆ ಸಿಗಡಿ, ಪಚ್ಚಿಲೆ ಇರುವ ಪಾಸ್ತಾಕ್ಕೆ ನಾನು ಎರಡನೇ ದಿನಕ್ಕೆ ಗೆರೆ ಎಳೆಯುತ್ತೇನೆ. ಮನೆಯಲ್ಲಿ ಗರ್ಭಿಣಿಯರೋ ವಯಸ್ಸಾದವರೋ ಇದ್ದರೆ ಮಾರನೇ ದಿನವೇ ಮುಗಿಸುವುದು ಒಳ್ಳೆಯದು. ಅಂಥವರಿಗೆ ಹೆಚ್ಚು ಅಪಾಯ ತರುವ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಫ್ರೀಜರ್‌ಗೂ ಹಾಕಬಹುದು, ಮೈನಸ್ 18ರಲ್ಲಿ ಅದು ಕೆಡುವುದಿಲ್ಲ. ಆದರೆ ಕರಗಿದಾಗ ಕ್ರೀಮ್ ಬೇರೆ, ನೀರು ಬೇರೆ ಆಗಿರುತ್ತದೆ, ಪಾಸ್ತಾ ಮುದ್ದೆಯಾಗಿರುತ್ತದೆ. ನನಗೆ ಇಷ್ಟವಿಲ್ಲ.

ಇನ್ನು ಒಡೆಯುವ ವಿಷಯ. ಇದು ಕೆಟ್ಟಿದ್ದಲ್ಲ, ಗಾಬರಿ ಬೇಡ. ಬಿಸಿ ಜಾಸ್ತಿಯಾದಾಗ ಕ್ರೀಮಿನ ಪ್ರೋಟೀನ್ ಗಂಟುಕಟ್ಟುತ್ತದೆ, ಕೊಬ್ಬು ಎಣ್ಣೆಯಾಗಿ ಹೊರಗೆ ಬರುತ್ತದೆ. ಕೊಬ್ಬು ಕಡಿಮೆ ಇದ್ದಷ್ಟೂ ಬೇಗ ಒಡೆಯುತ್ತದೆ. ಅಲ್ಲಿ ಸಿಗುವ ಡಬಲ್ ಕ್ರೀಮ್‌ನಲ್ಲಿ ಸುಮಾರು ಶೇಕಡಾ 48 ಕೊಬ್ಬು, ಸಿಂಗಲ್ ಕ್ರೀಮ್‌ನಲ್ಲಿ 18. ನಮ್ಮ ಅಮೂಲ್ ಫ್ರೆಶ್ ಕ್ರೀಮ್‌ನಲ್ಲಿ 25. ನೀನು ಸಿಂಗಲ್ ಹಾಕಿರಬೇಕು. ನಿಂಬೆರಸ ಹಿಂಡಿದ್ದರೆ ಇನ್ನೂ ಬೇಗ ಒಡೆಯುತ್ತದೆ.

ಬಾಣಲೆಯಲ್ಲಿ ಬಿಸಿ ಮಾಡುವುದೇ ಮೇಲು. ಮೊದಲು ಸಿಗಡಿ, ಪಚ್ಚಿಲೆ ಆರಿಸಿ ಪಕ್ಕಕ್ಕಿಡು. ಪಾಸ್ತಾಕ್ಕೆ ಎರಡು ಚಮಚ ಹಾಲು ಹಾಕು. ರಾತ್ರಿಯಿಡೀ ಅದು ಸಾಸನ್ನೆಲ್ಲ ಹೀರಿ ಒಣಗಿರುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರು. ಸಡಿಲವಾಗಿ ಹಬೆಯಾಡಲು ಶುರುವಾದ ಮೇಲೆ ಸಿಗಡಿ, ಪಚ್ಚಿಲೆ ಸೇರಿಸಿ ಮುಚ್ಚು. ಮೊದಲೇ ಹಾಕಿದರೆ ರಬ್ಬರ್ ಆಗುತ್ತದೆ. ಆದರೆ ರುಚಿಗೆ ಅಂತ ಅರೆಬೆಚ್ಚಗೆ ಇಳಿಸಬೇಡ. ಸಿಗಡಿಯ ಒಳಗೂ ಸುಡುವಷ್ಟು ಬಿಸಿಯಾಗಬೇಕು, ಅಂದರೆ 70 ಡಿಗ್ರಿಯಲ್ಲಿ ಎರಡು ನಿಮಿಷ. ಮೈಕ್ರೋವೇವ್ ಆದರೆ ಅರ್ಧ ಪವರ್‌ನಲ್ಲಿ ಮುಚ್ಚಿಟ್ಟು ಬಿಸಿ ಮಾಡು. ನಡುವೆ ಎರಡು ಸಲ ತೆಗೆದು ಕಲಸು, ಅಂಚು ಕುದಿಯುತ್ತಿದ್ದರೂ ನಡುವೆ ತಣ್ಣಗಿರುತ್ತದೆ. ಆಮೇಲೆ ಒಂದು ನಿಮಿಷ ಹಾಗೇ ಬಿಡು. ತಿನ್ನುವಷ್ಟನ್ನೇ ಬಿಸಿ ಮಾಡು. ಒಮ್ಮೆ ಬಿಸಿಯಾದದ್ದು ಮತ್ತೆ ಫ್ರಿಜ್‌ಗೆ ಹೋಗಬಾರದು.

ಆಫೀಸಿಗೆ ಒಯ್ಯುವುದಾದರೆ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಯ್ದು, ಹೋದ ಕೂಡಲೇ ಅಲ್ಲಿನ ಫ್ರಿಜ್‌ಗೆ ಇಡು. ಅಲ್ಲಿನ ಮೈಕ್ರೋವೇವ್‌ನಲ್ಲಿ ಮೀನು ಬಿಸಿ ಮಾಡಿದರೆ ವಾಸನೆಗೆ ಕೆಲವರು ಮುಖ ಸಿಂಡರಿಸುತ್ತಾರೆ. ಹೊಸದಾಗಿ ಸೇರಿದ್ದೀಯ, ಅದು ಮನಸ್ಸಿಗೆ ನೋವಾಗುತ್ತದೆ. ಮೀನಿನದ್ದನ್ನು ಮನೆಯಲ್ಲೇ ತಿನ್ನು.

ಹೋದ ಶನಿವಾರ ರಸೆಲ್ ಮಾರ್ಕೆಟ್‌ನಿಂದ ಸಿಗಡಿ ತಂದು ಇಲ್ಲಿ ಇದೇ ಪಾಸ್ತಾ ಮಾಡಿದೆ. ಸಾಸ್, ಪಾಸ್ತಾ ಎರಡು ದಿನಕ್ಕೆ ಆಗುವಷ್ಟು ಮಾಡಿದೆ. ಸಿಗಡಿಯಲ್ಲಿ ಮಾತ್ರ ಅರ್ಧ ಪಾಲನ್ನು ಪೂರ್ತಿ ಬೇಯಿಸಿ, ಉಳಿದರ್ಧ ಹಸಿಯಾಗಿಯೇ ತೊಳೆದು ಫ್ರೀಜರ್‌ಗೆ ಹಾಕಿದೆ. ಭಾನುವಾರ ಸಾಸ್ ಬಿಸಿಯಾಗುತ್ತಿರುವಾಗ ಪಕ್ಕದ ಒಲೆಯಲ್ಲಿ ಬೆಣ್ಣೆ, ಬೆಳ್ಳುಳ್ಳಿ ಹಾಕಿ ಆ ಸಿಗಡಿ ಹುರಿದೆ. ಬೂದು ಬಣ್ಣ ಹೋಗಿ ಪೂರ್ತಿ ಕೆಂಪಗಾಗಲು ಮೂರು ನಾಲ್ಕು ನಿಮಿಷ ಸಾಕಾಯಿತು. ನೀನೂ ಮುಂದಿನ ಸಲ ಹೀಗೇ ಮಾಡು. ಪಚ್ಚಿಲೆಯನ್ನು ಮಾತ್ರ ಹೀಗೆ ಎತ್ತಿಡದೆ, ಸಾಧ್ಯವಾದಷ್ಟೂ ಮೊದಲ ದಿನವೇ ತಿಂದು ಮುಗಿಸಿಬಿಡಿ.