ಲ್ವಾರ್ ನದಿಯ ಏರಿಯ ಮೇಲೆ, ಅವಸರವಿಲ್ಲದ ಸೈಕಲ್ ಪಯಣ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಬ್ಯಾಂಕ್ ನೌಕರ, ನನ್ನ ಪತ್ನಿಗೆ 57. ಮೈಸೂರಿನಲ್ಲಿ ಇಬ್ಬರೂ ವಾರಕ್ಕೆ ಮೂರು ದಿನ ಇಪ್ಪತ್ತು ಕಿಲೋಮೀಟರಿನಷ್ಟು ಸೈಕಲ್ ತುಳಿಯುತ್ತೇವೆ. ಮುಂದಿನ ವರ್ಷ ಫ್ರಾನ್ಸಿನ ಯಾವುದಾದರೂ ನದಿ ಕಣಿವೆಯಲ್ಲಿ, ಹಳ್ಳಿಗಳ ನಡುವೆ, ಎಂಟು ದಿನ ನಿಧಾನವಾಗಿ ಸೈಕಲ್ ಮೇಲೆ ಸುತ್ತಬೇಕೆಂಬ ಆಸೆಯಿದೆ. ವಿಚಾರಿಸಿದಾಗ ಲ್ವಾರ್, ದೊರ್ದೋನ್, ರೋನ್ ಎಂಬ ಮೂರು ಹೆಸರುಗಳು ಸಿಕ್ಕವು. ಯಾವುದನ್ನು ಆರಿಸಿಕೊಳ್ಳಬೇಕು? ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು? ನಮ್ಮ ಸೈಕಲ್‌ಗಳನ್ನೇ ಇಲ್ಲಿಂದ ಒಯ್ಯಬೇಕೆ?

ಉತ್ತರ: ಮೂರರಲ್ಲಿ ಲ್ವಾರ್ ಕಣಿವೆಯನ್ನೇ ಆರಿಸಿಕೊಳ್ಳಿ. ದೊರ್ದೋನ್ ತೀರದ ಹಳ್ಳಿಗಳು ಇನ್ನೂ ಚೆಂದವೆಂದು ವಾದಿಸುವವರಿದ್ದಾರೆ, ನಾನೂ ಒಮ್ಮೊಮ್ಮೆ ಅವರ ಕಡೆಗೇ ವಾಲುತ್ತೇನೆ. ಆದರೆ ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳು ನದಿಯ ಅಂಚಿಗೇ ಬಂದು ನಿಂತಿರುವುದರಿಂದ, ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗಲು ಏರು ಹತ್ತಬೇಕಾಗುತ್ತದೆ, ಇಲ್ಲವೇ ಬೇಸಿಗೆಯ ಕಾರುಗಳ ಸಾಲಿನೊಡನೆ ಕಿರಿದಾದ ರಸ್ತೆಯನ್ನು ಹಂಚಿಕೊಳ್ಳಬೇಕಾಗುತ್ತದೆ. ರೋನ್ ನದಿಯ ಗುಂಟ ಜಿನೀವಾ ಸರೋವರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ 815 ಕಿ.ಮೀ. ಉದ್ದದ ‘ವಿಯಾರೋನಾ’ ಮಾರ್ಗವಿದೆ. ಅದು ಒಳ್ಳೆಯ ಮಾರ್ಗವೇ, ಆದರೆ ದಕ್ಷಿಣ ಭಾಗದಲ್ಲಿ ಬೀಸುವ ಮಿಸ್ತ್ರಾಲ್ ಎಂಬ ಉತ್ತರದ ಗಾಳಿ ತಣ್ಣಗೂ ಬಿರುಸಾಗಿಯೂ ಇರುತ್ತದೆ, ಅಡ್ಡ ಬೀಸಿದ ದಿನ ಹ್ಯಾಂಡಲ್ ಹಿಡಿದು ನಿಲ್ಲುವುದೇ ಕಷ್ಟ. ಮೊದಲ ಸಲ ಹೋಗುವವರಿಗೆ ಅದನ್ನು ನಾನು ಹೇಳುವುದಿಲ್ಲ.

‘ಲ್ವಾರ್ ಆ ವೆಲೊ’ ಎಂಬ ಮಾರ್ಗ ನೆವೇರ್ ಪಟ್ಟಣದ ಬಳಿಯ ಕ್ಯುಫಿಯಿಂದ ಅಟ್ಲಾಂಟಿಕ್ ತೀರದ ಸೇಂ-ಬ್ರೆವಾಂವರೆಗೆ ಸುಮಾರು 900 ಕಿ.ಮೀ. ಉದ್ದವಿದೆ. ಅದರ ಬಹುಪಾಲು, ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಯುರೋಪನ್ನು ಅಡ್ಡ ಹಾಯುವ ‘ಯೂರೋವೆಲೊ 6’ ಎಂಬ ದೊಡ್ಡ ಮಾರ್ಗಕ್ಕೂ ಸೇರಿದೆ. ಈ 900 ಕಿಲೋಮೀಟರ್ ನಿಮ್ಮ ಕೆಲಸವಲ್ಲ. ಬ್ಲುವಾ ಪಟ್ಟಣದಿಂದ ಸೋಮ್ಯೂರ್‌ವರೆಗಿನ ತುಂಡನ್ನು ಮಾತ್ರ ತೆಗೆದುಕೊಳ್ಳಿ. ಅಕ್ಕಪಕ್ಕದ ಸುತ್ತಾಟವೂ ಸೇರಿ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಅಂದರೆ ದಿನಕ್ಕೆ ಸರಾಸರಿ 25 ಕಿ.ಮೀ. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಮೈಸೂರಿನಲ್ಲಿ ನೀವು ಬೆಳಗ್ಗೆ ತುಳಿಯುವ ಇಪ್ಪತ್ತು ಕಿಲೋಮೀಟರಿನಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಇಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ ನಿಲ್ಲಲು ಕಾರಣ ಸಿಗುತ್ತದೆ, ಸಿಗದಿದ್ದರೆ ನೀವು ವೇಗವಾಗಿ ಹೋಗುತ್ತಿದ್ದೀರಿ ಎಂದರ್ಥ.

ಈ ದಾರಿಯ ಗುಟ್ಟು ನಮ್ಮ ಕೆರೆಗಳನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು. ಬೇಸಿಗೆಯ ಕೊನೆಗೆ ಮರಳ ದಿಬ್ಬಗಳ ನಡುವೆ ಎಳೆ ಎಳೆಯಾಗಿ ಹರಿಯುವ ಈ ನದಿ ಉಕ್ಕಿದಾಗ ಊರುಗಳನ್ನೇ ನುಂಗುತ್ತಿತ್ತು. ಅದನ್ನು ತಡೆಯಲೆಂದು ಹನ್ನೆರಡನೆಯ ಶತಮಾನದಿಂದಲೂ ದಂಡೆಯುದ್ದಕ್ಕೂ ಏರಿ ಕಟ್ಟುತ್ತ ಬಂದರು. ಸೈಕಲ್ ಮಾರ್ಗ ಹಲವೆಡೆ ಸಾಗುವುದು ಈ ಏರಿಯ ಮೇಲೆಯೇ, ಒಂದು ಬದಿಗೆ ನೀರು, ಮರಳು, ಬಿಳಿ ಹಕ್ಕಿಗಳು, ಇನ್ನೊಂದು ಬದಿಗೆ ಕೆಳಗೆ ಹೊಲ, ತರಕಾರಿ ಮಡಿ, ಮನೆಗಳ ಮಾಡು. ನದಿಯ ಪಕ್ಕದ ಹಳ್ಳಿಗಳಲ್ಲಿ ಗೋಡೆಗಳ ಮೇಲೆ, ಸೇತುವೆಯ ಕಂಬಗಳ ಮೇಲೆ 1846, 1856, 1866 ಎಂದು ಕೊರೆದ ಗೆರೆಗಳಿರುತ್ತವೆ. ಆ ಮೂರು ವರ್ಷಗಳ ಮಹಾನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ಅವು. ಕೆಲವು ಗೆರೆಗಳನ್ನು ಕತ್ತೆತ್ತಿಯೇ ನೋಡಬೇಕು. ಎಲ್ಲ ಕಡೆಯೂ ಸೈಕಲ್‌ಗೆಂದೇ ಮೀಸಲಾದ ದಾರಿ ಇರುವುದಿಲ್ಲ, ಹಳ್ಳಿಗಳನ್ನು ಜೋಡಿಸುವ ಕಿರುರಸ್ತೆಗಳೂ ಬರುತ್ತವೆ. ಅವುಗಳಲ್ಲಿ ಕಾರುಗಳು ಅಪರೂಪ, ಬಂದರೂ ಸಾಮಾನ್ಯವಾಗಿ ಸೈಕಲ್‌ಗೆ ಜಾಗ ಬಿಟ್ಟು ಸರಿಯುತ್ತವೆ.

ಪ್ಯಾರಿಸ್ಸಿನ ಓಸ್ಟರ್ಲಿಟ್ಜ್ ನಿಲ್ದಾಣದಿಂದ ಬ್ಲುವಾಕ್ಕೆ ನೇರ ರೈಲಿದೆ. (ಟಿಕೆಟ್ ಕೇಳುವಾಗ ‘ಬ್ಲಾಯಿಸ್’ ಎನ್ನಬೇಡಿ, ಹಾಗೆಯೇ ‘ಟೂರ್ಸ್’ ಎಂದು ಬರೆದಂತೆ ಓದಬೇಡಿ, ಅದು ‘ತೂರ್’. ಈ ಎರಡು ಉಚ್ಚಾರಣೆ ಕಲಿತರೆ ಅರ್ಧ ತೊಂದರೆ ತಪ್ಪಿತು.) ಮೊದಲ ಎರಡು ದಿನ ಬ್ಲುವಾದಲ್ಲೇ ಉಳಿದು, ಒಂದು ದಿನ ಬರಿಗೈಯಲ್ಲಿ ಶಾಂಬೋರ್ ಅರಮನೆಗೆ ಹೋಗಿ ಬನ್ನಿ. ಒಂದು ಕಡೆಗೆ ಸುಮಾರು 20 ಕಿ.ಮೀ. 1519ರಲ್ಲಿ ಮೊದಲ ಫ್ರಾನ್ಸ್ವಾ ದೊರೆ ಕಟ್ಟಿಸಲು ತೊಡಗಿದ ಈ ಅರಮನೆಯ ಕಾಡಿನ ಸುತ್ತ 32 ಕಿ.ಮೀ. ಉದ್ದದ ಗೋಡೆಯಿದೆ. ಹತ್ತುವವರಿಗೂ ಇಳಿಯುವವರಿಗೂ ಮುಖಾಮುಖಿಯಾಗದಂತೆ ಹೆಣೆದ ಜೋಡಿ ಸುರುಳಿ ಮೆಟ್ಟಿಲನ್ನು ನೋಡಿದರೆ ಒಳಗಿನ ಉಳಿದ ಕೋಣೆಗಳನ್ನು ಅರ್ಧಕ್ಕೇ ಬಿಟ್ಟರೂ ನಷ್ಟವಿಲ್ಲ. ಬ್ಲುವಾದಿಂದ ಮುಂದೆ ಶೋಮೋಂ, ಆಂಬ್ವಾಸ್ ಊರುಗಳು. ಲಿಯೊನಾರ್ಡೊ ಡ ವಿಂಚಿ ತನ್ನ ಕೊನೆಯ ಮೂರು ವರ್ಷ ಕಳೆದು 1519ರಲ್ಲಿ ತೀರಿಕೊಂಡದ್ದು ಆಂಬ್ವಾಸ್‌ನಲ್ಲಿ. ಅಲ್ಲಿಂದ ಕಾಡು ದಾಟಿ ಸುಮಾರು 15 ಕಿ.ಮೀ. ಹೋದರೆ ಶೇರ್ ನದಿಗೆ ಅಡ್ಡಲಾಗಿ ನಿಂತ ಶೆನೊನ್ಸೋ ಅರಮನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ವಶದಲ್ಲಿದ್ದ ಭಾಗಕ್ಕೂ ಉಳಿದ ಭಾಗಕ್ಕೂ ಶೇರ್ ನದಿಯೇ ಗಡಿಯಾಗಿತ್ತು, ಆಗ ಈ ಅರಮನೆಯ ಮುಂಬಾಗಿಲು ಒಂದು ಕಡೆಗೂ ನದಿ ಮೇಲಿನ ಹಜಾರದ ಹಿಂಬಾಗಿಲು ಇನ್ನೊಂದು ಕಡೆಗೂ ತೆರೆಯುತ್ತಿದ್ದವು.

ಆದರೆ ನಿಮ್ಮ ದಿನಗಳಲ್ಲಿ ಹೆಚ್ಚಿನವನ್ನು ತೂರ್ ನಗರದಿಂದ ಕೆಳಗಿನ ಭಾಗಕ್ಕೆ ಉಳಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಇಲ್ಲಿ ಶೇರ್, ಆಂದ್ರ್, ವಿಯೆನ್ ಎಂಬ ಮೂರು ಉಪನದಿಗಳು ಒಂದರ ಹಿಂದೊಂದು ಬಂದು ಲ್ವಾರ್‌ಗೆ ಸೇರುತ್ತವೆ. ದಾರಿ ಒಂದು ನದಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತ ಸಾಗುವುದರಿಂದ ನೋಟ ಬೇಸರ ಬರಿಸುವುದಿಲ್ಲ. ತೂರ್‌ನಿಂದ 20 ಕಿ.ಮೀ. ದೂರದ ವಿಲಾಂದ್ರಿಯಲ್ಲಿ, 1906ರಲ್ಲಿ ಅರಮನೆಯನ್ನು ಕೊಂಡ ಸ್ಪೇನ್ ಮೂಲದ ವೈದ್ಯ ಜೊಆಕಿಮ್ ಕಾರ್ವಾಯೊ ಮರಳಿ ರೂಪಿಸಿದ ಉದ್ಯಾನಗಳಿವೆ. ಹೂವಿನ ತೋಟಕ್ಕಿಂತ ಅದರ ತರಕಾರಿ ತೋಟ ನೋಡುವಂಥದು: ಒಂಬತ್ತು ಚೌಕಗಳಲ್ಲಿ ಕೋಸು, ಬೀಟ್‌ರೂಟ್, ಲೆಟಿಸ್‌ಗಳನ್ನು ರಂಗೋಲಿಯ ಹಾಗೆ ಬಣ್ಣ ನೋಡಿ ನೆಟ್ಟಿರುತ್ತಾರೆ. ಅಲ್ಲಿಂದ ಆಂದ್ರ್ ನದಿಯ ನಡುಗಡ್ಡೆಯ ಅಝೇ-ಲೆ-ರಿದೋ ಅರಮನೆ, ಅದರ ಮುಂದೆ ಹುಲ್ಲುಗಾವಲುಗಳ ನಡುವೆ ಉಸ್ಸೆ ಅರಮನೆ. ಉಸ್ಸೆಯಿಂದ ಮುಂದಕ್ಕೆ ಅವ್ವಾನ್ ಬಳಿ ಒಂದು ಅಣು ವಿದ್ಯುತ್ ಸ್ಥಾವರವೂ ಎದುರಾಗುತ್ತದೆ, ಪ್ರವಾಸದ ಚಿತ್ರಗಳಲ್ಲಿ ಅದು ಕಾಣಿಸುವುದಿಲ್ಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ವಿಯೆನ್ ನದಿ ಲ್ವಾರ್‌ಗೆ ಸೇರುವಲ್ಲಿರುವ ಕಾಂದ್-ಸೇಂ-ಮಾರ್ತಾಂ ಎಂಬ ಪುಟ್ಟ ಹಳ್ಳಿಯಲ್ಲಿ ಒಂದು ರಾತ್ರಿಯನ್ನಾದರೂ ಕಳೆಯಿರಿ. ಕೂಡಲಿಯಲ್ಲಿ ತುಂಗೆ-ಭದ್ರೆ ಸೇರುವುದನ್ನು ನೋಡಿದವರಿಗೆ ಈ ಜಾಗ ಹೊಸದೆನಿಸದು: ಎರಡು ಅಗಲವಾದ ನೀರುಗಳು, ನಡುವೆ ಚೂಪಾದ ಮರಳ ಮೂಗು, ದಂಡೆಗೆ ಕಟ್ಟಿದ ಚಪ್ಪಟೆ ತಳದ ಮರದ ದೋಣಿಗಳು. ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ತಾಂ 397ರ ನವೆಂಬರಿನಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ತೂರ್‌ನ ಸನ್ಯಾಸಿಗಳು ಅವರ ದೇಹವನ್ನು ರಾತ್ರೋರಾತ್ರಿ ಕಿಟಕಿಯಿಂದ ಸಾಗಿಸಿ ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಕೊಂಡೊಯ್ದರೆಂದೂ, ಆ ಚಳಿಗಾಲದ ಹೊತ್ತಿನಲ್ಲಿ ದೋಣಿ ಹೋದಲ್ಲೆಲ್ಲ ದಂಡೆಯ ಗಿಡಗಳು ಹೂಬಿಟ್ಟವೆಂದೂ ಕಥೆಯಿದೆ. ನವೆಂಬರಿನಲ್ಲಿ ಕೆಲವು ದಿನ ಬಿಸಿಲು ಬಂದರೆ ಫ್ರೆಂಚರು ಇಂದಿಗೂ ಅದನ್ನು ‘ಸಂತ ಮಾರ್ತಾಂನ ಬೇಸಿಗೆ’ ಎನ್ನುತ್ತಾರೆ. ಇಲ್ಲಿಂದ ಸೋಮ್ಯೂರ್‌ವರೆಗೆ ಮನೆಗಳೆಲ್ಲ ತುಫೋ ಎಂಬ ಬಿಳಿ ಮೆದುಕಲ್ಲಿನವು. ಉಗುರಿನಿಂದ ಗೀರಿದರೂ ಪುಡಿ ಉದುರುವಷ್ಟು ಮೃದು. ಅರಮನೆಗಳಿಗೆಂದು ಕಲ್ಲು ಕಡಿದ ಗುಡ್ಡದ ಗವಿಗಳು ಮುಂದೆ ಮನೆಗಳಾದವು, ವೈನ್ ಉಗ್ರಾಣಗಳಾದವು, ಅಣಬೆ ಬೆಳೆಯುವ ಜಾಗಗಳಾದವು. ಸೂಜೇ-ಶಾಂಪಿನ್ಯಿ ಎಂಬ ಹಳ್ಳಿಯಲ್ಲಿ ಸೈಕಲ್ ಮಾರ್ಗವೇ ಬಂಡೆಯ ಒಳಗಿನ ಹಳೆಯ ಬೀದಿಯಲ್ಲಿ ಹಾದುಹೋಗುತ್ತದೆ, ಬಿಸಿಲಿನಿಂದ ಒಳಗೆ ಹೊಕ್ಕ ಕೂಡಲೇ ಬಾವಿಗೆ ಇಳಿದಂಥ ತಂಪು. ಈ ತುಂಡಿನಲ್ಲಿ ಮಾತ್ರ ಚಿಕ್ಕ ಚಿಕ್ಕ ಏರುಗಳಿವೆ; ಇಳಿದು ತಳ್ಳುವುದರಲ್ಲಿ ಅವಮಾನವೇನಿಲ್ಲ.

ಸೈಕಲ್ ಇಲ್ಲಿಂದ ಒಯ್ಯಬೇಡಿ. ಒಂದು ಊರಿನಲ್ಲಿ ಪಡೆದು ಇನ್ನೊಂದು ಊರಿನಲ್ಲಿ ಹಿಂದಿರುಗಿಸುವ ಬಾಡಿಗೆ ವ್ಯವಸ್ಥೆ ಈ ಕಣಿವೆಯಲ್ಲಿ ಚೆನ್ನಾಗಿದೆ, ಬ್ಯಾಗುಗಳನ್ನು ಮುಂದಿನ ತಂಗುದಾಣಕ್ಕೆ ತಲುಪಿಸುವವರೂ ಇದ್ದಾರೆ. ‘ಆಕ್ಯೂಯ್ ವೆಲೊ’ ಎಂಬ ಫಲಕವಿರುವ ತಂಗುದಾಣಗಳು ಮಾರ್ಗದಿಂದ 5 ಕಿ.ಮೀ. ಒಳಗಿರುತ್ತವೆ, ಸೈಕಲ್‌ಗೆ ಭದ್ರವಾದ ಜಾಗವನ್ನೂ ಪಂಕ್ಚರ್ ಹಾಕುವ ಸಾಮಾನನ್ನೂ ಇಟ್ಟಿರುತ್ತವೆ. ಬಾಡಿಗೆ ಸೈಕಲ್ ಹತ್ತುವ ಮೊದಲು ಬ್ರೇಕ್ ನೋಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಹಿಡಿ ಮುಂದಿನ ಚಕ್ರಕ್ಕಿರುತ್ತದೆ, ಅಲ್ಲಿ ಎಡಗೈಯದು ಮುಂದಿನ ಚಕ್ರಕ್ಕೆ. ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಎಡಗೈ ಹಿಡಿಯನ್ನು ಬಿಗಿಯಾಗಿ ಒತ್ತಿ ಹ್ಯಾಂಡಲ್ ಮೇಲಿಂದ ಹಾರಿದ ಪರಿಚಿತರೊಬ್ಬರು ನನಗಿದ್ದಾರೆ. ವಾಹನಗಳು ಅಲ್ಲಿ ಬಲಬದಿಯಲ್ಲಿ ಚಲಿಸುತ್ತವೆಂಬುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದಿರಬಹುದಾದ್ದು ಇದು: ಬೇರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ, ಪುಟ್ಟ ಓಣಿಯಿಂದಲೇ ಬರಲಿ, ಬಲದಿಂದ ಬರುವವರಿಗೇ ಮೊದಲ ಹಕ್ಕು.

ಮೇ-ಜೂನ್ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಅಂದರೆ ಸಮುದ್ರದ ಕಡೆಯಿಂದ ಬೀಸುವುದರಿಂದ, ನಾನು ಹೇಳಿದ ದಿಕ್ಕಿನಲ್ಲಿ ಕೆಲವು ದಿನ ಎದುರುಗಾಳಿ ಸಿಗುತ್ತದೆ. ಸೋಮ್ಯೂರ್‌ನಿಂದ ಆರಂಭಿಸಿ ಬ್ಲುವಾಕ್ಕೆ ಬಂದರೆ ಗಾಳಿ ಬೆನ್ನಿಗಿರುತ್ತದೆ. ಹಾಗಿದ್ದೂ ಮೇಲಿನಿಂದ ಕೆಳಕ್ಕೆ ಹೇಳಿದ್ದೇಕೆಂದರೆ, ದೊಡ್ಡ ಅರಮನೆಗಳನ್ನು ಮೊದಲೇ ನೋಡಿ ಮುಗಿಸಿದವರು ಹಳ್ಳಿಗಳಲ್ಲಿ ನೆಮ್ಮದಿಯಾಗಿ ಕೂರುತ್ತಾರೆ. ಗಾಳಿಯ ಬಗ್ಗೆ ಅಂಜಿಕೆಯಿದ್ದರೆ ಬ್ಯಾಟರಿ ಸೈಕಲ್ ಬಾಡಿಗೆಗೆ ಪಡೆಯಿರಿ. ಅದರ ಮೋಟಾರಿನ ನೆರವು ಗಂಟೆಗೆ 25 ಕಿ.ಮೀ. ವೇಗಕ್ಕೆ ನಿಂತುಬಿಡುತ್ತದೆ, ನಿಮಗೆ ಅಷ್ಟೂ ಬೇಕಾಗದು.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು. ಒಂಬತ್ತು ವರ್ಷದ ಮಗಳು ತಾನೇ ಸೈಕಲ್ ತುಳಿಯುತ್ತಾಳೆ, ಆದರೆ ಕಾರುಗಳಿರುವ ರಸ್ತೆಗೆ ಇಳಿಸಲು ಧೈರ್ಯವಿಲ್ಲ. ಮೂರು ದಿನಕ್ಕೆ ಹೊಂದುವ ಮಾರ್ಗ ಯಾವುದು?

ಉತ್ತರ: ಬರ್ಗಂಡಿಯಲ್ಲಿ ಝಿವ್ರಿಯಿಂದ ಕ್ಲ್ಯುನಿವರೆಗಿನ 44 ಕಿ.ಮೀ. ‘ವ್ವಾ ವೆರ್ತ್’, ಅಂದರೆ ಹಸಿರು ದಾರಿ. ಮುಚ್ಚಿಹೋದ ರೈಲು ಮಾರ್ಗದ ಮೇಲೆ 1997ರಲ್ಲಿ ತೆರೆದ ಇದು ಫ್ರಾನ್ಸಿನಲ್ಲಿ ಈ ಬಗೆಯ ದಾರಿಗಳಲ್ಲೇ ಮೊದಲನೆಯದು. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಉಗಿಬಂಡಿ ಹತ್ತುವಂತೆ ಹಾಕಿದ ದಾರಿಯಾದ್ದರಿಂದ ಏರು ಇದ್ದರೂ ಕಾಲಿಗೆ ತಿಳಿಯುವುದಿಲ್ಲ. ದಾರಿಯ ದಕ್ಷಿಣ ಭಾಗ ಗ್ರೋನ್ ಎಂಬ ಚಿಕ್ಕ ನದಿಯ ಕಣಿವೆಯಲ್ಲಿ ಸಾಗುತ್ತದೆ: ದ್ರಾಕ್ಷಿ ತೋಟಗಳು, ಬಿಳಿಯ ಶಾರೊಲೆ ದನಗಳು, ಕೊರ್ಮಾತಾಂ ಅರಮನೆ. ಶಾಲೋಂ-ಸ್ಯುರ್-ಸೋನ್‌ವರೆಗೆ ರೈಲಿನಲ್ಲಿ ಬನ್ನಿ. ಕ್ಲ್ಯುನಿಯಲ್ಲಿ 910ರಲ್ಲಿ ಸ್ಥಾಪನೆಯಾದ ಮಠದ ಚರ್ಚು ರೋಮಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು, ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕೆಡವಿ ಕಲ್ಲನ್ನು ಮಾರಿದರು. ಮಗಳಿಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಕ್ಲ್ಯುನಿಯಿಂದ ಮಾಕೋಂ ಕಡೆಗಿರುವ ಬ್ವಾ ಕ್ಲೇರ್ ಸುರಂಗ. ಸುಮಾರು 1.6 ಕಿ.ಮೀ. ಉದ್ದದ ಈ ಹಳೆಯ ರೈಲು ಸುರಂಗವನ್ನು ಬಾವಲಿಗಳಿಗಾಗಿ ಚಳಿಗಾಲದಲ್ಲಿ ಮುಚ್ಚುತ್ತಾರೆ. ಬೇಸಿಗೆಯಲ್ಲೂ ಒಳಗೆ ಥಂಡಿ, ಸ್ವೆಟರ್ ಕೈಗೆ ಸಿಗುವಂತಿರಲಿ. ಹನ್ನೆರಡು ವರ್ಷದೊಳಗಿನವರಿಗೆ ಹೆಲ್ಮೆಟ್ 2017ರಿಂದ ಕಡ್ಡಾಯ.

ಪ್ರಶ್ನೆ: ನಾವು ಕಟ್ಟಾ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಫ್ರಾನ್ಸಿನ ಹಳ್ಳಿಗಳಲ್ಲಿ ಸೈಕಲ್ ಮೇಲೆ ಹೊರಟರೆ ಹೊಟ್ಟೆಗೆ ಏನು ಗತಿ?

ಉತ್ತರ: ಗತಿ ಇದೆ, ಆದರೆ ಗಡಿಯಾರ ನೋಡಿಕೊಂಡು. ಹಳ್ಳಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು ಗಂಟೆಯವರೆಗೆ ಮಾತ್ರ. ನಾನೊಮ್ಮೆ ಎರಡೂಕಾಲು ಗಂಟೆಗೆ ಹೋದಾಗ ಒಡತಿ ಮೇಜುಗಳ ಮೇಲೆ ಕುರ್ಚಿ ಕವುಚಿ ಹಾಕುತ್ತಿದ್ದರು, ನನ್ನನ್ನು ನೋಡಿ ಮರುಕಪಟ್ಟರೇ ಹೊರತು ಒಲೆ ಹಚ್ಚಲಿಲ್ಲ. ಅಂಗಡಿಗಳೂ ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೂ ಸೋಮವಾರವೂ ಹಲವು ಹಳ್ಳಿಗಳಲ್ಲಿ ಏನೂ ತೆರೆದಿರುವುದಿಲ್ಲ. ಆದ್ದರಿಂದ ಬೆಳಗ್ಗೆ ಹೊರಡುವಾಗಲೇ ಬೇಕರಿಯಲ್ಲಿ ಬಗೆತ್ ಎಂಬ ಉದ್ದನೆಯ ಬ್ರೆಡ್ಡನ್ನು ಕೊಂಡು ಕ್ಯಾರಿಯರ್‌ಗೆ ಕಟ್ಟಿಕೊಳ್ಳಿ. ಸಾಂಪ್ರದಾಯಿಕ ಬಗೆತ್‌ನಲ್ಲಿ ಹಿಟ್ಟು, ನೀರು, ಉಪ್ಪು, ಹುದುಗು ಬಿಟ್ಟರೆ ಬೇರೇನೂ ಇರುವುದಿಲ್ಲ. ಕ್ರ್ವಾಸಾಂ ಮೇಲೆ ಹೊಳಪಿಗೆ ಮೊಟ್ಟೆ ಸವರುವುದು ವಾಡಿಕೆ, ಕೀಶ್‌ನಲ್ಲಂತೂ ಮೊಟ್ಟೆಯೇ ಆಧಾರ. ಸಲಾಡಿನಲ್ಲಿ ಹಂದಿಮಾಂಸದ ಸಣ್ಣ ತುಣುಕುಗಳನ್ನು ಉದುರಿಸುವುದುಂಟು, ‘ವೆಜಿಟೇರಿಯನ್’ ಎಂದರಷ್ಟೇ ಸಾಲದು, ‘ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಎಫ್’, ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದೆ ಎಂದು ಬಿಡಿಸಿ ಹೇಳಿ. ಲ್ವಾರ್ ಕಣಿವೆ ಮೇಕೆ ಹಾಲಿನ ಚೀಸ್‌ಗೆ ಹೆಸರುವಾಸಿ. ನಡುವೆ ಒಣಹುಲ್ಲಿನ ಕಡ್ಡಿ ತೂರಿಸಿದ ಸೇಂತ್-ಮೋರ್, ಬೂದಿ ಹಚ್ಚಿದ ಸೆಲ್-ಸ್ಯುರ್-ಶೇರ್ ಇಲ್ಲಿಯವೇ. ಆದರೆ ಇವುಗಳಿಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ನೀವು ಹೇಳುವ ಕಟ್ಟುನಿಟ್ಟಿಗೆ ಅದು ಒಗ್ಗದು. ಸೋಮ್ಯೂರ್ ಸುತ್ತಿನ ಗವಿ ಹೋಟೆಲುಗಳಲ್ಲಿ ಸೌದೆ ಒಲೆಯಲ್ಲಿ ಉಬ್ಬಿಸಿ ತರುವ ‘ಫುವೇ’ ಎಂಬ ಪುಟ್ಟ ರೊಟ್ಟಿ ಮಾತ್ರ ನಿಮಗೆ ನಮ್ಮ ಪೂರಿಯನ್ನು ನೆನಪಿಸಬಹುದು. ಅದನ್ನು ಸೀಳಿ ಒಳಗೆ ಬೇಯಿಸಿದ ಬಿಳಿ ಅವರೆಯಂಥ ಕಾಳು, ಅಣಬೆ, ಬೆಣ್ಣೆ ತುಂಬಿಕೊಳ್ಳುತ್ತಾರೆ. ಜತೆಗೆ ಬರುವ ಹಂದಿಮಾಂಸದ ರಿಯೆತ್ ಬೇಡವೆಂದು ಮೊದಲೇ ತಿಳಿಸಿ, ಕಾಳನ್ನು ಮಾಂಸದೊಡನೆ ಬೇಯಿಸಿಲ್ಲವೆಂದೂ ಕೇಳಿ ಖಚಿತಪಡಿಸಿಕೊಳ್ಳಿ.

ನೀರಿಗೆ ಅಂಗಡಿ ಹುಡುಕಬೇಕಿಲ್ಲ. ಅಂಗಡಿಯೇ ಇಲ್ಲದ ಹಳ್ಳಿಯಲ್ಲೂ ಊರಾಚೆಯ ಸ್ಮಶಾನದ ಬಾಗಿಲ ಬಳಿ, ಸಮಾಧಿಯ ಹೂಗಿಡಗಳಿಗೆ ನೀರೆರೆಯಲೆಂದು, ಸಾಮಾನ್ಯವಾಗಿ ನಲ್ಲಿ ಇದ್ದೇ ಇರುತ್ತದೆ. ಅಲ್ಲಿನ ಸೈಕಲ್ ಸವಾರರೆಲ್ಲ ಬಾಟಲಿ ತುಂಬಿಸಿಕೊಳ್ಳುವುದು ಅಲ್ಲಿಯೇ. ‘ನೋಂ ಪೊತಾಬ್ಲ್’ ಎಂಬ ಫಲಕವಿದ್ದರೆ ಮಾತ್ರ ಆ ನೀರನ್ನು ಕುಡಿಯಬೇಡಿ, ಮುಖ ತೊಳೆದುಕೊಂಡು ಮುಂದಿನ ಊರಿಗೆ ಹೊರಡಿ.