ನೆರೆಮನೆಯವರು ಚರ್ಚಿಗೆ ಕರೆದಿದ್ದಾರೆ

ಎಸ್ಲಿಂಗೆನ್ ಹತ್ತಿರದ ಹಳ್ಳಿಯಿಂದ ಬರೆದ ಸೋದರಿಗೆ,

ನಮಸ್ಕಾರ. ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ಧಾರವಾಡದವರಾದ ನೀವು ಪತಿಯ ಕೆಲಸದ ನಿಮಿತ್ತ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಇದ್ದೀರಿ. ನಿಮ್ಮ ಮಗಳು ‘ಓಮಾ’ ಎಂದು ಕರೆಯುವ ಪಕ್ಕದ ಮನೆಯ ಅಜ್ಜಿ ತಮ್ಮ ಮೊಮ್ಮಗನ ಕನ್‌ಫರ್ಮೇಶನ್‌ಗೆ ನಿಮ್ಮನ್ನು ಊರ ಲೂಥರನ್ ಚರ್ಚಿಗೆ ಕರೆದಿದ್ದಾರೆ. ಹೋದರೆ ತಪ್ಪಾದೀತೇ, ರೊಟ್ಟಿ-ದ್ರಾಕ್ಷಾರಸ ಕೊಟ್ಟರೆ ಏನು ಮಾಡಬೇಕು, ಚರ್ಚಿನ ತೆರಿಗೆ ನಮಗೂ ಬೀಳುತ್ತದೆಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಿ: “ಭಾನುವಾರ ಅಲ್ಲಿ ಇಪ್ಪತ್ತು ಮಂದಿ ವಯಸ್ಸಾದವರು ಬಿಟ್ಟರೆ ಯಾರೂ ಇರುವುದಿಲ್ಲ. ಗೋಡೆಗಳೂ ಬೋಳು. ಇವರಿಗೆ ನಿಜವಾಗಿ ದೇವರ ಮೇಲೆ ನಂಬಿಕೆ ಇದೆಯೇ?” ನಿಮಗೆ ಇಷ್ಟು ಉದ್ದದ ಉತ್ತರ ಬರೆಯಲು ಕಾರಣ ಈ ಕೊನೆಯ ಪ್ರಶ್ನೆ.

ಹೋಗುವ ವಿಚಾರದಲ್ಲಿ ಅನುಮಾನವೇ ಬೇಡ, ಹೋಗಿ. ಆ ದಿನ ನಿಮ್ಮಿಂದ ಯಾರೂ ಯಾವ ಮಾತನ್ನೂ ಪಡೆಯುವುದಿಲ್ಲ. ಮಾತು ಕೊಡಬೇಕಾದವನು ಆ ಹುಡುಗ. ಅವನು ಕೂಸಾಗಿದ್ದಾಗ ದೀಕ್ಷಾಸ್ನಾನ ಆಗಿದೆ. ಅಂದು ಅವನ ಪರವಾಗಿ ‘ಹೌದು’ ಎಂದವರು ತಂದೆತಾಯಿ ಮತ್ತು ಜ್ಞಾನ ತಂದೆತಾಯಿ. ಈಗ ಹದಿನಾಲ್ಕರ ಸುಮಾರಿಗೆ ಅದನ್ನು ಅವನೇ ಸಭೆಯ ಮುಂದೆ ನಿಂತು ಹೇಳುತ್ತಾನೆ. ವಯಸ್ಸಿಗೂ ಅರ್ಥವಿದೆ: ತನ್ನ ಧರ್ಮ ಯಾವುದೆಂದು ಹದಿನಾಲ್ಕು ತುಂಬಿದ ಮಗು ತಾನೇ ನಿರ್ಧರಿಸಬಹುದು ಎಂಬ ಕಾನೂನು ಜರ್ಮನಿಯಲ್ಲಿ 1921ರಿಂದ ಇದೆ. ಒಲ್ಲೆ ಎನ್ನುವ ಹಕ್ಕೂ ಅವನಿಗೆ ಇದೆ, ಎಷ್ಟೋ ಮಕ್ಕಳು ಒಲ್ಲೆ ಎನ್ನುತ್ತಾರೆ. ಹಾಗಾಗಿ ಅವನು ಹೂಂ ಎಂದದ್ದಕ್ಕೆ ಆ ಅಜ್ಜಿ ಪಡುವ ಸಂತೋಷ ಸಣ್ಣದಲ್ಲ. ಆ ಸಂತೋಷಕ್ಕೆ ಸಾಕ್ಷಿಯಾಗಲು ನಿಮ್ಮನ್ನು ಕರೆದಿದ್ದಾರೆ.

ಅದಕ್ಕೆ ಮುಂಚಿನ ಸುಮಾರು ಒಂದು ವರ್ಷ ಹುಡುಗ ಪಾಠಕ್ಕೆ ಹೋಗಿರುತ್ತಾನೆ. ಆ ಸೀಮೆಯಲ್ಲಿ ಸಾಮಾನ್ಯವಾಗಿ ಬುಧವಾರ ಮಧ್ಯಾಹ್ನ. ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ (ನೀವು ಕೇಳಿದ ರೊಟ್ಟಿ-ದ್ರಾಕ್ಷಾರಸದ ವಿಧಿ) ಇವೇ ಆ ಪಾಠದ ತಿರುಳು. ಈ ಪಂಥಕ್ಕೆ ಹೆಸರು ಕೊಟ್ಟ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ‘ಚಿಕ್ಕ ಪ್ರಶ್ನೋತ್ತರ’ದ ವಿಷಯಗಳೇ ಇವು. ಹಳ್ಳಿಗಳ ಪಾದ್ರಿಗಳಿಗೇ ತಮ್ಮ ಧರ್ಮದ ಅಡಿಪಾಯ ಗೊತ್ತಿಲ್ಲದ್ದನ್ನು ಕಂಡು, ಮನೆಯ ಯಜಮಾನ ಮಕ್ಕಳಿಗೂ ಆಳುಕಾಳುಗಳಿಗೂ ಕಲಿಸುವಷ್ಟು ಸರಳವಾಗಿ ಅವರು ಅದನ್ನು ಬರೆದರು. ವ್ಯೂರ್ಟೆಂಬರ್ಗ್‌ನಲ್ಲಿ ಇದರ ಜೊತೆಗೆ ಆ ಸೀಮೆಯ ಸುಧಾರಕ ಯೋಹಾನೆಸ್ ಬ್ರೆಂಟ್ಸ್ ಅವರ ಪ್ರಶ್ನೋತ್ತರವೂ ತಲೆಮಾರುಗಳಿಂದ ಬಾಯಿಪಾಠ. ಲೂಥರ್ ಆಜ್ಞೆಗಳಿಂದ ಆರಂಭಿಸಿದರೆ ಬ್ರೆಂಟ್ಸ್ ‘ನಿನ್ನ ನಂಬಿಕೆ ಯಾವುದು’ ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಮಗು ‘ನಾನು ಕ್ರೈಸ್ತ’ ಎನ್ನುತ್ತದೆ. ಏಕೆ ಎಂದರೆ, ‘ಯೇಸುವನ್ನು ನಂಬಿದ್ದೇನೆ, ಅವನ ಹೆಸರಿನಲ್ಲಿ ನನಗೆ ದೀಕ್ಷಾಸ್ನಾನ ಆಗಿದೆ’ ಎನ್ನುತ್ತದೆ. ನೀನು ಏನೇನು ಮಾಡಬೇಕು ಎನ್ನುವ ಮೊದಲು ನಿನಗೆ ಏನು ಸಿಕ್ಕಿದೆ ಎಂದು ಹೇಳಿಸುವ ಈ ಕ್ರಮ ನನಗೆ ಬಹಳ ಹಿಡಿಸುತ್ತದೆ.

ಲೂಥರನ್ ನಂಬಿಕೆಯ ನಡುಮನೆಯೇ ಇದು. ಲೂಥರ್ ಸನ್ಯಾಸಿಯಾಗಿದ್ದವರು. ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲ ಮಾಡಿದರೂ ದೇವರು ನನ್ನನ್ನು ಒಪ್ಪಿದನೇ ಎಂಬ ಅಂಜಿಕೆ ಅವರನ್ನು ಬಿಟ್ಟಿರಲಿಲ್ಲ. ಕೊನೆಗೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ರೋಮಾಪುರದವರಿಗೆ ಪೌಲ ಬರೆದ ಪತ್ರವನ್ನು ಓದುತ್ತ ಅವರಿಗೆ ಹೊಳೆದದ್ದು: ದೇವರ ಒಪ್ಪಿಗೆ ಗಳಿಸುವಂಥದ್ದಲ್ಲ, ಅದು ಪುಕ್ಕಟೆ ಬರುವುದು, ನಂಬಿ ಕೈಯೊಡ್ಡಿದವನಿಗೆ ಸಿಗುವುದು. ಪಾಪಕ್ಷಮೆಯ ಚೀಟಿಗಳ ಮಾರಾಟವನ್ನು 1517ರಲ್ಲಿ ಅವರು ಎದುರಿಸಿದ್ದು ಈ ತಿಳಿವಿನ ಬಲದಿಂದ. 1530ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು ಚಕ್ರವರ್ತಿಯ ಮುಂದೆ ಓದಿದ ವಿಶ್ವಾಸ ಪತ್ರದಲ್ಲೂ ಇದೇ ಮಾತು ಇದೆ. ಹಾಗಾದರೆ ಒಳ್ಳೆಯ ಕೆಲಸ ಬೇಡವೇ? ಬೇಕು. ಆದರೆ ಅದು ದೇವರಿಗೆ ಕೊಡುವ ಲಂಚವಲ್ಲ, ನೆರೆಯವರಿಗೆ ಸಲ್ಲುವ ಸೇವೆ. ನಿಮ್ಮ ಮಗಳಿಗೆ ಜ್ವರ ಬಂದ ರಾತ್ರಿ ಆ ಅಜ್ಜಿ ಬಂದು ಕೂತದ್ದನ್ನು ನೀವೇ ಬರೆದಿದ್ದೀರಿ.

ಬೋಳು ಗೋಡೆಯ ವಿಷಯಕ್ಕೆ ಬರುತ್ತೇನೆ. ಎಲ್ಲ ಲೂಥರನ್ ಚರ್ಚುಗಳೂ ಹೀಗಿರುವುದಿಲ್ಲ. ಪಕ್ಕದ ಬವೇರಿಯಕ್ಕೆ ಹೋದರೆ ಚಿತ್ರ, ಶಿಲುಬೆ, ಹಾಡಿನ ಮೂಲಕ ನಡೆಸುವ ಆರಾಧನಾ ವಿಧಿ ಎಲ್ಲ ಕಾಣುತ್ತೀರಿ. ವ್ಯೂರ್ಟೆಂಬರ್ಗ್‌ನ ಕಥೆ ಬೇರೆ. 1534ರಲ್ಲಿ ಆ ಸೀಮೆಯ ಅರಸ ಡ್ಯೂಕ್ ಉಲ್ರಿಶ್ ಚರ್ಚಿನ ಸುಧಾರಣೆಯನ್ನು ತಂದಾಗ ಉತ್ತರ ಭಾಗಕ್ಕೆ ಲೂಥರ್ ಪಂಥದ ಶ್ನೆಪ್ಫ್‌ರನ್ನೂ ದಕ್ಷಿಣ ಭಾಗಕ್ಕೆ ಸ್ವಿಟ್ಜರ್ಲೆಂಡಿನ ಸುಧಾರಕರ ಕಡೆ ಒಲವಿದ್ದ ಬ್ಲಾರರ್‌ರನ್ನೂ ನೇಮಿಸಿದರು. ಚಿತ್ರಗಳು ಇರಬೇಕೋ ಬೇಡವೋ ಎಂದು 1537ರಲ್ಲಿ ಉರಾಖ್ ಎಂಬ ಊರಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಡ್ಯೂಕ್ ಬೇಡ ಎಂಬವರ ಕಡೆ ವಾಲಿದರು. ಹೀಗೆ ನಂಬಿಕೆಯಲ್ಲಿ ಲೂಥರನ್, ಆರಾಧನೆಯಲ್ಲಿ ತೀರ ಸರಳ ಎಂಬ ಒಂದು ಮಿಶ್ರ ಸಂಪ್ರದಾಯ ಅಲ್ಲಿ ಬೇರೂರಿತು. ಭಾನುವಾರದ ಆರಾಧನೆಯ ಕೇಂದ್ರ ಪ್ರಸಂಗ, ಅಂದರೆ ಸಭಾಪಾಲಕರ (ಪಾದ್ರಿಯ) ಉಪದೇಶ. ಅದರ ಸುತ್ತ ಹಾಡು, ಸಭಾಪಾಲಕರೂ ಜನರೂ ಸರದಿಯಂತೆ ಓದುವ ಸತ್ಯವೇದದ ಕೀರ್ತನೆ, ಪ್ರಾರ್ಥನೆ. ನಡುವೆ ಒಬ್ಬೊಬ್ಬರೂ ತಮ್ಮಷ್ಟಕ್ಕೆ ಪ್ರಾರ್ಥಿಸಲು ಒಂದು ಮೌನದ ಹೊತ್ತು ಇರುತ್ತದೆ. ಅದು ಬಂದಾಗ ಏನೋ ಮರೆತು ನಿಂತರೇನೋ ಎಂದು ಗಾಬರಿಯಾಗಬೇಡಿ.

ಸೋದರಿ, ಇಲ್ಲಿ ನಿಮ್ಮ ಅಜ್ಜನ ಮಾತು ತೆಗೆಯಲೇಬೇಕು. ಅವರು ಧಾರವಾಡದ ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿದವರೆಂದು ಬರೆದಿದ್ದೀರಿ. ಆ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು. ಅದು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ್ದು, ಲೂಥರನ್ನರೂ ಸ್ವಿಸ್ ಸುಧಾರಕರ ಹಾದಿಯ ರಿಫಾರ್ಮ್ಡ್ ಪಂಥದವರೂ ಒಟ್ಟಾಗಿ ನಡೆಸಿದ್ದು. ಆದರೆ ಅದರ ಪಾದ್ರಿಗಳಲ್ಲಿ ಬಹಳ ಮಂದಿ ನೀವು ಈಗಿರುವ ಸೀಮೆಯ ಹಳ್ಳಿ-ಪಟ್ಟಣಗಳ ಮಕ್ಕಳು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಒಬ್ಬರಾದ ಸಾಮ್ಯುಯೆಲ್ ಹೆಬಿಕ್ ಅಲ್ಲಿಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ತಂದ ಹರ್ಮನ್ ಮೋಗ್ಲಿಂಗ್ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿ, ಕೊನೆಯುಸಿರೆಳೆದದ್ದು 1881ರಲ್ಲಿ ನಿಮ್ಮ ಪಕ್ಕದ ಎಸ್ಲಿಂಗೆನ್‌ನಲ್ಲೇ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಕುರಿತು ಬರೆಯುವಾಗ ನನ್ನಂಥ ಸಂಪಾದಕನ ಕೈ ತುಸು ಭಾರವಾಗುತ್ತದೆ. ಕಿಟ್ಟೆಲ್ ಅಲ್ಲಿ ಹುಟ್ಟಿದವರಲ್ಲ, ಆದರೆ ತಮ್ಮ ನಿಘಂಟಿನ ಕೆಲಸ ಮುಗಿಸಿ 1903ರಲ್ಲಿ ಕಣ್ಮುಚ್ಚಿದ್ದು ಅದೇ ಸೀಮೆಯ ಟ್ಯೂಬಿಂಗೆನ್‌ನಲ್ಲಿ. ಮಂಗಳೂರು, ಹುಬ್ಬಳ್ಳಿ, ಧಾರವಾಡಗಳ ಹಳೆಯ ಬಾಸೆಲ್ ಮಿಶನ್ ದೇವಾಲಯಗಳಲ್ಲಿ ಕಾಣುವ ಸಾದಾತನ, ಉದ್ದದ ಪ್ರಸಂಗ, ಎಲ್ಲರೂ ಕೂಡಿ ಹಾಡುವ ಪದ್ಧತಿ, ಇವುಗಳ ಒಂದು ಬೇರು ನಿಮ್ಮ ಮನೆಯ ಎದುರಿನ ಆ ಬಿಳಿ ಗೋಡೆಯ ಚರ್ಚಿನಲ್ಲಿದೆ.

ಇನ್ನು ಇಪ್ಪತ್ತು ಮಂದಿಯ ಮಾತು. ಎಣಿಕೆ ತಗ್ಗಿರುವುದು ನಿಜ. ಜರ್ಮನಿಯ ಜನಸಂಖ್ಯೆಯಲ್ಲಿ ಪ್ರೊಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಸಭೆಗಳೆರಡರ ಸದಸ್ಯರು ಸೇರಿದರೂ ಈಗ ಅರ್ಧದಷ್ಟಾಗುವುದಿಲ್ಲ. ಒಬ್ಬ ಸಭಾಪಾಲಕರಿಗೆ ಎರಡು ಮೂರು ಹಳ್ಳಿಗಳ ಹೊಣೆ ಬೀಳುತ್ತಿದೆ. ಆದರೂ ಭಾನುವಾರದ ಬೆಂಚುಗಳನ್ನು ಮಾತ್ರ ನೋಡಿ ನಂಬಿಕೆಯನ್ನು ಅಳೆಯಬೇಡಿ ಎಂದು ಒತ್ತಿ ಹೇಳುತ್ತೇನೆ. ಆ ಸೀಮೆಯ ಭಕ್ತಿಯ ದೊಡ್ಡ ಪಾಲು ಮೊದಲಿನಿಂದಲೂ ಮನೆಯೊಳಗೇ ನಡೆದದ್ದು. ಪಾದ್ರಿಯಿಲ್ಲದೆ ರೈತರು, ನೇಕಾರರು ಒಬ್ಬರ ಮನೆಯಲ್ಲಿ ಕೂಡಿ ಸತ್ಯವೇದ ಓದಿ ಮಾತಾಡುವ ಕೂಟಗಳಿಗೆ 1743ರ ರಾಜಾಜ್ಞೆ ಚರ್ಚಿನ ಮೇಲ್ವಿಚಾರಣೆಯಲ್ಲಿ ಅನುಮತಿ ಕೊಟ್ಟಿತು. ಅಂಥ ಕೂಟಗಳು ಇಂದಿಗೂ ಇವೆ. ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಒಂದು ಚಿಕ್ಕ ಪುಸ್ತಕ ಇರುತ್ತದೆಂದೂ ಬೆಳಿಗ್ಗೆ ಕಾಫಿಗೆ ಮೊದಲು ಅವರು ಅದನ್ನು ಓದುತ್ತಾರೆಂದೂ ಬರೆದಿದ್ದೀರಲ್ಲ, ಅದು ಬಹುಶಃ ಹೆರ್ನ್‌ಹೂಟ್ ಎಂಬ ಜರ್ಮನ್ ಊರಿನ ಕ್ರೈಸ್ತ ಸಮುದಾಯದ ದಿನವಚನಗಳ ಪುಸ್ತಕ. 1731ರಿಂದ ಪ್ರತಿ ವರ್ಷ ಅಚ್ಚಾಗುತ್ತಿದೆ. ಹಳೆಯ ಒಡಂಬಡಿಕೆಯಿಂದ ಚೀಟಿ ಎತ್ತಿ ಆರಿಸಿದ ಒಂದು ವಾಕ್ಯ ಒಂದೊಂದು ದಿನಕ್ಕೆ.

ಆ ಇಪ್ಪತ್ತು ಮಂದಿ ಬರೀ ಕೂತು ಕೇಳುವವರೂ ಅಲ್ಲ. ಗಂಟೆ ಬಾರಿಸಿ, ಮೇಣದಬತ್ತಿ ಹಚ್ಚಿ, ಹಾಡಿನ ಸಂಖ್ಯೆಗಳನ್ನು ಹಲಗೆಗೆ ಸಿಕ್ಕಿಸುವವರು ಒಬ್ಬರು, ಆರ್ಗನ್ ನುಡಿಸುವವರು ಒಬ್ಬರು. ತುತ್ತೂರಿ ಮೇಳದವರು ಹಿರಿಯರ ಹುಟ್ಟುಹಬ್ಬಕ್ಕೂ ಮಣ್ಣು ಮಾಡುವ ಹೊತ್ತಿಗೂ ಹೋಗಿ ಬಾರಿಸುತ್ತಾರೆ. ಸಭೆಯ ಆಡಳಿತ ಸಮಿತಿಯನ್ನು ಆರು ವರ್ಷಕ್ಕೊಮ್ಮೆ ಸದಸ್ಯರೇ ಆರಿಸುತ್ತಾರೆ. ಹದಿನಾಲ್ಕು ತುಂಬಿದವರಿಗೆ ಮತವಿದೆ. ಹೆಣ್ಣುಮಕ್ಕಳು ಅಲ್ಲಿ 1968ರಿಂದ ಸಭಾಪಾಲಕರಾಗಿದ್ದಾರೆ. ಅಕ್ಟೋಬರ್ ಆರಂಭದ ಬೆಳೆ ಹಬ್ಬದಂದು ಒಮ್ಮೆ ಹೋಗಿ ನೋಡಿ, ಯಜ್ಞವೇದಿಯ ಮುಂದೆ ಕುಂಬಳ, ಸೇಬು, ಗೋಧಿ ತೆನೆ ತಂದು ಜೋಡಿಸಿರುತ್ತಾರೆ. ನವೆಂಬರ್ ಕೊನೆಗೆ, ಕ್ರಿಸ್ಮಸ್‌ಗೆ ಸಿದ್ಧವಾಗುವ ‘ಆಗಮನ ಕಾಲ’ಕ್ಕೆ ಮುಂಚಿನ ಭಾನುವಾರ, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ವರ್ಷವಿಡೀ ಚರ್ಚಿನ ಕಡೆ ತಲೆ ಹಾಕದ ಮಕ್ಕಳು, ಮೊಮ್ಮಕ್ಕಳು ಕೂಡ ಆ ದಿನ ಬರುತ್ತಾರೆ. ಉಳಿದ ಐವತ್ತೊಂದು ಭಾನುವಾರ ಬಾಗಿಲು ತೆರೆದಿಟ್ಟುಕೊಂಡು ಕಾಯುವವರು ನೀವು ಕಂಡ ಆ ವಯಸ್ಸಾದವರು. ಅವರ ನಂಬಿಕೆಯ ಬಗ್ಗೆ ನನಗಂತೂ ಸಂಶಯವಿಲ್ಲ.

ಕರ್ತನ ಭೋಜನದ ಬಗ್ಗೆ: ಅದು ಆ ದಿನವೇ ಇರಬಹುದು, ಹಿಂದಿನ ಸಂಜೆ ಮುಗಿದಿರಲೂಬಹುದು. ರೊಟ್ಟಿಯಲ್ಲೂ ದ್ರಾಕ್ಷಾರಸದಲ್ಲೂ ಕ್ರಿಸ್ತನು ನಿಜವಾಗಿ ಬಂದು ತನ್ನನ್ನೇ ಕೊಡುತ್ತಾನೆ ಎಂಬುದು ಲೂಥರನ್ನರ ನಂಬಿಕೆ. ಬರಿಯ ನೆನಪಿನ ಕುರುಹು ಎಂದ ಸ್ವಿಸ್ ಸುಧಾರಕ ಟ್ಸ್ವಿಂಗ್ಲಿಯವರೊಡನೆ ಲೂಥರ್ 1529ರಲ್ಲಿ ಮಾರ್ಬರ್ಗ್‌ನಲ್ಲಿ ರಾಜಿಯಾಗದೆ ಎದ್ದು ಬಂದದ್ದು ಇದಕ್ಕಾಗಿಯೇ. ಆದ್ದರಿಂದ ಅದನ್ನು ಸೌಜನ್ಯದ ಉಪಚಾರವೆಂದು ತಿಳಿದು ತೆಗೆದುಕೊಳ್ಳಬೇಡಿ. ದೀಕ್ಷಾಸ್ನಾನ ಪಡೆದವರು ಎದ್ದು ಯಜ್ಞವೇದಿಯ ಸುತ್ತ ಅರ್ಧವೃತ್ತವಾಗಿ ನಿಲ್ಲುತ್ತಾರೆ. ನೀವು ಕೂತಲ್ಲೇ ಇರಿ, ಅಜ್ಜಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಸಾಕು. ಹಾಡುವಾಗ ಎದ್ದು ನಿಂತರೆ ನೀವೂ ನಿಲ್ಲಿ. ಹುಡುಗನು ಮೊಣಕಾಲೂರಿದಾಗ ಸಭಾಪಾಲಕರು ಅವನ ತಲೆಯ ಮೇಲೆ ಕೈಯಿಟ್ಟು ಸತ್ಯವೇದದ ಒಂದು ವಾಕ್ಯವನ್ನು ಹೇಳುತ್ತಾರೆ. ಅದು ಅವನಿಗೆ ಜೀವಮಾನಕ್ಕೆ ಕೊಟ್ಟ ವಾಕ್ಯ. ಅಜ್ಜಿಗೂ ಒಂದು ಇರುತ್ತದೆ, ಕೇಳಿ, ಖಂಡಿತ ಹೇಳುತ್ತಾರೆ.

ತೆರಿಗೆಯ ಚಿಂತೆ ಬೇಡ. ಆ ರಾಜ್ಯದಲ್ಲಿ ಚರ್ಚಿನ ತೆರಿಗೆ ಆದಾಯ ತೆರಿಗೆಯ ಶೇ. 8. ಅದು ಸದಸ್ಯರಿಗೆ ಮಾತ್ರ, ಆರಾಧನೆಗೆ ಹೋದ ಅತಿಥಿಗಳಿಗಲ್ಲ. ಕಾಣಿಕೆಯನ್ನು ಅಲ್ಲಿ ಹೆಚ್ಚಾಗಿ ಹೊರಗೆ ಬರುವಾಗ ಬಾಗಿಲ ಬಳಿ ಹಾಕುತ್ತಾರೆ, ಚಿಲ್ಲರೆ ಇಟ್ಟುಕೊಂಡು ಹೋಗಿ. ಹುಡುಗನಿಗೆ ಕಾರ್ಡಿನೊಳಗೆ ಸ್ವಲ್ಪ ಹಣವಿಟ್ಟು ಕೊಡುವುದು ರೂಢಿ. ಇಳಕಲ್ ಸೀರೆ ಉಡಬಹುದೇ ಎಂದು ಕೇಳಿದ್ದೀರಿ. ಅಗತ್ಯವಾಗಿ ಉಡಿ. ಹಳೆಯ ಕಲ್ಲಿನ ಕಟ್ಟಡ, ಮೇ ತಿಂಗಳಲ್ಲೂ ಒಳಗೆ ಚಳಿ ಇರುತ್ತದೆ, ಮೇಲೊಂದು ಶಾಲು ಹೊದ್ದುಕೊಳ್ಳಿ.

— ಸಂಪಾದಕ